ಬೆರಳ ತುದಿಗೆ ಬಗ್ಗದ ಕ್ಲಚ್ ಲಿವರ್: ಡರ್ಟ್ ಬೈಕ್‌ನಲ್ಲಿ ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಡರ್ಟ್ ಬೈಕ್‌ನಲ್ಲಿ ಕ್ಲಚ್ ಬರೀ ಗೇರ್ ಬದಲಿಸಲು ಇರುವುದಲ್ಲ. ತಿರುವಿನಿಂದ ಹೊರಬರುವಾಗ, ಕಲ್ಲು ಬೇರು ದಾಟುವಾಗ, ಕಡಿದಾದ ಏರಿನಲ್ಲಿ ಎಂಜಿನ್ ಸಾಯುವ ಹೊತ್ತಿನಲ್ಲಿ ಅದು ಕೈಗೆ ಬೇಕೇ ಬೇಕು. ಆಗ ಎಡಗೈಯ ಒಂದೋ ಎರಡೋ ಬೆರಳು ಮಾತ್ರ ಲಿವರ್ ಮೇಲಿರಬೇಕು, ಉಳಿದವು ಗ್ರಿಪ್ ಹಿಡಿದಿರಬೇಕು. ನಾಲ್ಕೂ ಬೆರಳು ಹಾಕಿ ಎಳೆಯಬೇಕಾದ ಲಿವರ್ ಇದ್ದರೆ ಹ್ಯಾಂಡಲ್‌ಬಾರ್ ಹಿಡಿತ ತಪ್ಪುತ್ತದೆ, ಸ್ವಲ್ಪ ಹೊತ್ತಿಗೇ ಮುಂಗೈ ಕಲ್ಲಾಗುತ್ತದೆ.

ಲಿವರ್ ಭಾರವಾಯಿತೆಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಲಿವರ್ ಕೊಳ್ಳುವುದು. ತಪ್ಪು ಲಿವರಿನದ್ದಾಗಿರುವುದು ಅಪರೂಪ. ಅದನ್ನು ಕೂರಿಸಿದ ಜಾಗ, ಒಣಗಿದ ಕೇಬಲ್, ಅತಿಯಾಗಿ ಬಿಗಿದ ಒಂದು ಬೋಲ್ಟ್, ಇಷ್ಟರಲ್ಲೇ ಬಹುಪಾಲು ತೊಂದರೆ ಮುಗಿಯುತ್ತದೆ. ಹಾಗಾಗಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಎಂಜಿನ್ ಕವರ್ ಬಿಚ್ಚುವುದು ಕೊನೆಗೆ.

ಕೈ ಹಾಕುವ ಮುನ್ನ

ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ, ಬೈಕನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕೇಬಲ್‌ನ ಕೆಳತುದಿ ಹಲವು ಬೈಕ್‌ಗಳಲ್ಲಿ ಸೈಲೆನ್ಸರ್ ಪೈಪಿನ ಹತ್ತಿರವೇ ಇರುತ್ತದೆ; ಬಿಸಿ ಇರುವಾಗ ಕೈ ಹಾಕಿದರೆ ಸುಡುತ್ತದೆ. ಎಳೆ ಬಿಟ್ಟ ಕೇಬಲ್ ತಂತಿ ಸೂಜಿಯಂತೆ ಚುಚ್ಚುವುದರಿಂದ ಅದನ್ನು ಬರಿಗೈಯಲ್ಲಿ ಸವರಿ ನೋಡಬೇಡಿ.

8, 10, 12 ಮಿ.ಮೀ. ಸ್ಪ್ಯಾನರ್, ಅಳತೆಪಟ್ಟಿ, ತೆಳು ಕೇಬಲ್ ಎಣ್ಣೆ, ಸ್ವಲ್ಪ ಗ್ರೀಸ್, ನಲ್ಲಿ ಕೆಲಸಕ್ಕೆ ಬಳಸುವ ಬಿಳಿ ಟೆಫ್ಲಾನ್ ಟೇಪ್, ಇಷ್ಟಿದ್ದರೆ ಸಾಕು. ನೀವು ಸವಾರಿಗೆ ಹಾಕುವ ಗ್ಲೌಸನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಬರಿಗೈಗೆ ಹೊಂದಿಸಿದ ಲಿವರ್ ಗ್ಲೌಸ್ ಹಾಕಿದ ಮೇಲೆ ಬೇರೆಯೇ ಅನ್ನಿಸುತ್ತದೆ.

ಲಕ್ಷಣ 1: ಎರಡು ಬೆರಳಿಗೆ ಪರವಾಗಿಲ್ಲ, ಒಂದೇ ಬೆರಳಿಗೆ ಭಾರ

ಮೊದಲು ಬೆರಳು ಲಿವರ್‌ನ ಎಲ್ಲಿ ಕೂರುತ್ತಿದೆ ನೋಡಿ. ಕೈ ಗ್ರಿಪ್ ಮೇಲೆ ಎಂದಿನಂತೆ ಇರಲಿ, ತೋರುಬೆರಳನ್ನು ನೇರ ಮುಂದೆ ಚಾಚಿ. ಅದು ಲಿವರ್‌ನ ಹೊರತುದಿಯ ಗುಂಡಿನ ಪಕ್ಕಕ್ಕೆ ಬರುತ್ತದೋ, ಒಳಗಿನ ಬಾಗಿದ ಭಾಗಕ್ಕೆ ಬೀಳುತ್ತದೋ? ಕಾರ್ಖಾನೆಯಿಂದ ಬಂದ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಎರಡನೆಯದೇ. ಲಿವರ್ ಹಿಡಿದಿರುವ ಕ್ಲ್ಯಾಂಪನ್ನು (ಪರ್ಚ್ ಎನ್ನುವುದು ಇದನ್ನೇ) ಗ್ರಿಪ್‌ಗೆ ಅಂಟಿಸಿದಂತೆ ಕೂರಿಸಿರುತ್ತಾರೆ.

ಇದು ಬರೀ ಸನ್ನೆಗೋಲಿನ ಲೆಕ್ಕ. ತಿರುಗಣೆ ಬೋಲ್ಟ್‌ನಿಂದ (ಲಿವರ್ ತಿರುಗುವುದು ಇದರ ಸುತ್ತ) 80 ಮಿ.ಮೀ. ದೂರದಲ್ಲಿ ಎಳೆಯಲು ಬೇಕಾದ ಬಲ 100 ಎಂದುಕೊಂಡರೆ, 110 ಮಿ.ಮೀ. ದೂರದಲ್ಲಿ ಎಳೆದಾಗ 73 ಸಾಕು. ಒಂದು ಪೈಸೆ ಖರ್ಚಿಲ್ಲದೆ ಕಾಲು ಭಾಗಕ್ಕಿಂತ ಹೆಚ್ಚು ಭಾರ ಇಳಿಯಿತು. ಆದರೆ ಬೆರಳು ಎಳೆಯಬೇಕಾದ ದೂರ ಅದೇ ಲೆಕ್ಕದಲ್ಲಿ, ಸುಮಾರು 37 ಪ್ರತಿಶತ, ಹೆಚ್ಚಾಗುತ್ತದೆ. ಈ ಕೊಡು-ಕೊಳ್ಳುವ ವ್ಯವಹಾರ ಕ್ಲಚ್ಚಿನಲ್ಲಿ ಎಲ್ಲೆಲ್ಲೂ ಇದೆ. ಭಾರ ಇಳಿಸಿದಲ್ಲೆಲ್ಲ ದೂರ ಕೂಡುತ್ತದೆ, ತಪ್ಪಿಸಲಾಗದು. ತಿಕ್ಕಾಟವನ್ನು ಕಳೆದು ಪಡೆದ ಹಗುರ ಒಂದಕ್ಕೆ ಮಾತ್ರ ಬದಲಿಗೆ ಏನನ್ನೂ ಕೊಡಬೇಕಿಲ್ಲ.

ಪರ್ಚ್ ಬೋಲ್ಟ್‌ಗಳನ್ನು ಸಡಿಲಿಸಿ, ಪರ್ಚನ್ನು ಬಾರ್‌ನ ನಡುವಿನ ಕಡೆಗೆ 5 ಮಿ.ಮೀ.ನಂತೆ ಸರಿಸುತ್ತಾ ಹೋಗಿ. ಒಂದು ಬೆರಳಿನ ಸವಾರರಿಗೆ ಲಿವರ್ ತುದಿಯ ಗುಂಡು ತೋರುಬೆರಳು ಮತ್ತು ಮಧ್ಯಬೆರಳಿನ ನಡುವೆ ಬರಬೇಕು. ಎರಡು ಬೆರಳಿನವರಿಗೆ ಮಧ್ಯಬೆರಳು ದಾಟಿದ ಕೂಡಲೇ ಬರಬೇಕು. ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಗುಂಡಿ) ಅಡ್ಡ ಬಂದರೆ ಅದನ್ನು ಗ್ರಿಪ್ ಮತ್ತು ಪರ್ಚ್ ನಡುವೆ ಕೂರಿಸಿ, ಹೆಬ್ಬೆರಳಿಗೆ ಸಿಗುವಂತೆ.

ಎಷ್ಟು ಬೇಕಾದರೂ ಸರಿಸಲು ಬರುವುದಿಲ್ಲ. ದಪ್ಪ ನಡುವಿನ ಬಾರ್‌ಗಳಲ್ಲಿ ಪರ್ಚ್ ಕೂರುವ ತುದಿ 22 ಮಿ.ಮೀ. ಇದ್ದು, ಒಳಗೆ ಹೋದಂತೆ 28.6 ಮಿ.ಮೀ.ಗೆ ಉಬ್ಬುತ್ತದೆ. ಉಬ್ಬಿನ ಮೇಲೆ ಕ್ಲ್ಯಾಂಪ್ ಏರಿಸಿ ಬಿಗಿದರೆ ಪರ್ಚ್ ಬಿರುಕು ಬಿಡುತ್ತದೆ. ಜಾಗ ಸಾಲದಿದ್ದರೆ ಆಗ ಗಿಡ್ಡ ಲಿವರ್ ಯೋಚಿಸಬಹುದು. ಆದರೆ ಗಿಡ್ಡ ಲಿವರ್ ತಾನಾಗಿ ಹಗುರವಲ್ಲ. ಬೆರಳು ತಿರುಗಣೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಲೆಕ್ಕ. ಉದ್ದ ಲಿವರ್‌ನ ತುದಿ ಕತ್ತರಿಸಿ ಗಿಡ್ಡ ಮಾಡುವ ಕೆಲಸ ಬೇಡವೇ ಬೇಡ. ತುದಿಯ ಗುಂಡು ಇರುವುದು ಬಿದ್ದಾಗ ಲಿವರ್ ಮೈಗೆ ಚುಚ್ಚದಿರಲೆಂದು.

ಲಕ್ಷಣ 2: ಎಳೆದಾಗ ಲಿವರ್ ಉಳಿದ ಬೆರಳುಗಳಿಗೆ ಬಡಿಯುತ್ತದೆ

ಬಡಿಯುವ ಮುನ್ನವೇ ಕ್ಲಚ್ ಪೂರ್ತಿ ಬಿಟ್ಟಿದ್ದರೆ, ಅಂದರೆ ಎಂಜಿನ್ ಮತ್ತು ಚಕ್ರದ ನಂಟು ಕಡಿದಿದ್ದರೆ, ಅದು ಬರೀ ಕಿರಿಕಿರಿ. ಬಿಡುವ ಮೊದಲೇ ಬಡಿದರೆ ನಿಜವಾದ ದೋಷ, ಏಕೆಂದರೆ ನಿಮ್ಮ ಬೆರಳೇ ಲಿವರ್‌ಗೆ ತಡೆಯಾಗಿ ಕ್ಲಚ್ ಅರ್ಧದಲ್ಲೇ ನಿಂತಿದೆ.

ಯಾವುದೆಂದು ತಿಳಿಯಲು ಎಂಜಿನ್ ಆಫ್ ಇರುವಾಗ ಮೊದಲ ಗೇರ್ ಹಾಕಿ, ಇನ್ನೊಬ್ಬರಿಗೆ ಬೈಕನ್ನು ಮೆಲ್ಲಗೆ ತಳ್ಳಲು ಹೇಳಿ, ಲಿವರನ್ನು ನಿಧಾನ ಎಳೆಯಿರಿ. ಚಕ್ರ ಬಿಡುಗಡೆಯಾದ ಕ್ಷಣ ಲಿವರನ್ನು ಅಲ್ಲೇ ಹಿಡಿದು, ಗ್ರಿಪ್ ಮತ್ತು ಲಿವರ್ ನಡುವಿನ ಸಂದು ಅಳೆಯಿರಿ. ಗ್ಲೌಸ್ ಹಾಕಿದ ನಿಮ್ಮ ಬೆರಳಿನ ದಪ್ಪಕ್ಕಿಂತ ಆ ಸಂದು ಹೆಚ್ಚಿರಬೇಕು. ತಣ್ಣನೆ ಎಂಜಿನ್‌ನಲ್ಲಿ ಕ್ಲಚ್‌ನೊಳಗಿನ ಪ್ಲೇಟ್‌ಗಳು (ಒಂದಕ್ಕೊಂದು ಒತ್ತಿ ಎಂಜಿನ್ ಬಲವನ್ನು ಚಕ್ರದ ಕಡೆ ಸಾಗಿಸುವ ಬಿಲ್ಲೆಗಳು) ಎಣ್ಣೆಯಿಂದ ಅಂಟಿಕೊಂಡಿರುತ್ತವೆ. ಮೊದಲ ತಳ್ಳಾಟದಲ್ಲಿ ಬಿಡದಿದ್ದರೆ ಎರಡು ಮೂರು ಬಾರಿ ಮಾಡಿ.

ಸಂದು ಕಡಿಮೆ ಬಂದರೆ ಪರ್ಚನ್ನು ಇನ್ನಷ್ಟು ಒಳಸರಿಸಿ, ಲಿವರ್ ತುದಿ ಉಳಿದ ಬೆರಳುಗಳ ಒಳಬದಿಯಿಂದಲೇ ಹಾದುಹೋಗಲಿ. ಆಮೇಲೆ ಫ್ರೀ ಪ್ಲೇ (ಲಿವರ್ ಎಳೆತದ ಆರಂಭದ ಸಡಿಲ, ಹೊಂದಿಸುವ ಬಗೆ ಮುಂದಿದೆ) ನೋಡಿ, ಅತಿಯಾಗಿದ್ದರೆ ಕಡಿಮೆ ಮಾಡಿ. ಕೊನೆಗೆ ಲಿವರ್-ಗ್ರಿಪ್ ದೂರ ಹೊಂದಿಸುವ ಸಣ್ಣ ಸ್ಕ್ರೂ. ಚಿಕ್ಕ ಕೈಯವರು ಈ ಸ್ಕ್ರೂ ತಿರುಗಿಸಿ ಲಿವರನ್ನು ಹತ್ತಿರ ತಂದುಕೊಂಡಿರುತ್ತಾರೆ. ಹತ್ತಿರ ತಂದಷ್ಟೂ ಕ್ಲಚ್ ಬಿಡುವ ಜಾಗವೂ ಗ್ರಿಪ್‌ಗೆ ಹತ್ತಿರವಾಗುತ್ತದೆ. ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರುವಷ್ಟು ದೂರ ಸಾಕು.

ಈ ಸ್ಕ್ರೂನಲ್ಲಿ ಒಂದು ಬಲೆ ಇದೆ. ಕೇಬಲ್ ಕ್ಲಚ್‌ನಲ್ಲಿ ಅದು ಲಿವರನ್ನು ಒಳಕ್ಕೆ ತಳ್ಳಿದಾಗ ಕೇಬಲನ್ನೂ ಎಳೆದಂತಾಗಿ ಫ್ರೀ ಪ್ಲೇ ತಿಂದುಬಿಡುತ್ತದೆ. ಸ್ಕ್ರೂ ಮುಟ್ಟಿದಿರೋ, ಫ್ರೀ ಪ್ಲೇ ಮತ್ತೆ ಹೊಂದಿಸಲೇಬೇಕು. ಮರೆತರೆ ಕ್ಲಚ್ ಸ್ಲಿಪ್ ಆಗಿ (ಪೂರ್ತಿ ಕಚ್ಚದೆ ಜಾರಿ) ಪ್ಲೇಟ್ ಸುಡುತ್ತದೆ.

ಹ್ಯಾಂಡ್‌ಗಾರ್ಡ್ ಇದ್ದರೆ ಲಿವರ್ ಪೂರ್ತಿ ಎಳೆದು ಬಿಟ್ಟು, ಅದರ ಬ್ರಾಕೆಟ್‌ಗೆ ಲಿವರ್ ಆಗಲಿ ಅಡ್ಜಸ್ಟರ್ (ಕೇಬಲ್‌ನ ಬಿಗಿ ಹೊಂದಿಸುವ ತಿರುಪು) ಆಗಲಿ ತಾಗುತ್ತಿಲ್ಲವೆಂದು ನೋಡಿ.

ಲಕ್ಷಣ 3: ಮಣಿಕಟ್ಟು ನೋವು, ನಿಂತು ಓಡಿಸುವಾಗ ಬೆರಳು ಲಿವರ್ ಹುಡುಕಬೇಕಾಗುತ್ತದೆ

ಇದು ಕೋನದ ತಪ್ಪು. ಕೂತು ಹೊಂದಿಸಿದ ಲಿವರ್ ನಿಂತಾಗ ತೀರಾ ಮೇಲಿರುತ್ತದೆ, ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗುತ್ತದೆ. ಫುಟ್‌ಪೆಗ್ ಮೇಲೆ ನಿಂತು, ಮೊಣಕೈ ಎತ್ತಿ, ಓಡಿಸುವ ಭಂಗಿಗೇ ಬನ್ನಿ. ಮುಂಗೈಯಿಂದ ಬೆರಳಿನವರೆಗೆ ಒಂದೇ ಗೆರೆ ಇರುವಂತೆ ಪರ್ಚ್ ತಿರುಗಿಸಿ. ನೆಲಕ್ಕೆ ಸಮಾನಾಂತರಕ್ಕಿಂತ ತುಸು ಕೆಳಕ್ಕೆ ನಿಲ್ಲುವುದು ಸಾಮಾನ್ಯ. ಕೂತು ಹೆಚ್ಚು ಓಡಿಸುವವರು ಒಂದೆರಡು ಡಿಗ್ರಿ ರಾಜಿ ಮಾಡಿಕೊಳ್ಳಬೇಕಾಗುತ್ತದೆ.

ಲಕ್ಷಣ 4: ಜಾಗ ಸರಿಯಿದೆ, ಆದರೂ ಲಿವರ್ ಭಾರ, ಅಥವಾ ಬರಬರುತ್ತಾ ಭಾರವಾಗಿದೆ

ಇಲ್ಲಿಂದ ಮುಂದೆ ಊಹೆ ಕೆಲಸಕ್ಕೆ ಬಾರದು. ಲಿವರ್, ಕೇಬಲ್, ಎಂಜಿನ್ ಬದಿಯ ತೋಳು, ಈ ಮೂರನ್ನೂ ಬೇರೆ ಮಾಡಿ ಒಂದೊಂದನ್ನೇ ಕೈಯಲ್ಲಿ ಆಡಿಸಿ ನೋಡಬೇಕು. ಹದಿನೈದು ನಿಮಿಷದ ಕೆಲಸ, ಅನಗತ್ಯವಾಗಿ ಬಿಡಿಭಾಗ ಕೊಳ್ಳುವುದನ್ನು ತಪ್ಪಿಸುತ್ತದೆ.

ಲಿವರ್ ಬಳಿಯ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ. ಅಡ್ಜಸ್ಟರ್, ಅದನ್ನು ಅಲುಗದಂತೆ ಹಿಡಿಯುವ ಲಾಕ್‌ನಟ್, ಪರ್ಚ್, ಮೂರರ ಸೀಳೂ ಒಂದೇ ಸಾಲಿಗೆ ಬಂದಾಗ ಕೇಬಲ್ ಹೊರಗೆ ಜಾರುತ್ತದೆ. ಈಗ ಲಿವರ್ ಒಂದನ್ನೇ ಆಡಿಸಿ. ಎಣ್ಣೆ ಹಾಕಿದ ಬಾಗಿಲಿನಂತೆ ತೂಗಬೇಕು. ಬಿಗಿಯಿದ್ದರೆ ತಿರುಗಣೆ ಬೋಲ್ಟ್‌ನ ಮೇಲೆ ಮೊದಲ ಅನುಮಾನ. ಈ ಬೋಲ್ಟನ್ನು ಬಲವಾಗಿ ಬಿಗಿದರೆ ಪರ್ಚ್‌ನ ಎರಡು ಕಿವಿಗಳೂ ಲಿವರನ್ನು ಹಿಸುಕುತ್ತವೆ. ಸರಿಯಾದ ಕ್ರಮವೆಂದರೆ ಬೋಲ್ಟನ್ನು ಹಗುರವಾಗಿ ಕೂರಿಸಿ, ಲಿವರ್ ಸರಾಗವಾಗುವಷ್ಟು ಹಿಂದಕ್ಕೆ ತಿರುಗಿಸಿ, ಬೋಲ್ಟ್ ಅಲುಗದಂತೆ ಹಿಡಿದುಕೊಂಡು ಕೆಳಗಿನ ಲಾಕ್‌ನಟ್ ಮಾತ್ರ ಬಿಗಿಯುವುದು. ಬೋಲ್ಟ್ ತೆಗೆದಾಗ ಕೆಂಪು ಮಣ್ಣು, ಒಣಗಿದ ಗ್ರೀಸ್ ಕಂಡರೆ ಒರೆಸಿ ಹೊಸ ಗ್ರೀಸ್ ಸವರಿ. ಲಿವರ್ ಮೇಲೆ ಕೆಳಗೆ ಅಲ್ಲಾಡಿದರೆ ಬುಷ್ ಸವೆದಿದೆ. ಬುಷ್ ಮಾತ್ರ ಬದಲಿಸಲು ಬರುವುದೋ ನೋಡಿ, ಇಲ್ಲದಿದ್ದರೆ ಲಿವರ್ ಬದಲಿಸಿ.

ಹಾಗೆಯೇ ಕೇಬಲ್ ತುದಿಯ ನಿಪ್ಪಲ್ (ಲಿವರ್‌ಗೆ ಸಿಕ್ಕಿಸುವ ಲೋಹದ ಗುಂಡು) ನೋಡಿ. ಲಿವರ್ ತಿರುಗುವಾಗ ಅದೂ ತನ್ನ ಗೂಡಿನಲ್ಲಿ ತಿರುಗಬೇಕು. ಒಣಗಿ ಕಚ್ಚಿಕೊಂಡರೆ ಪ್ರತಿ ಎಳೆತಕ್ಕೂ ತಂತಿ ಅದೇ ಜಾಗದಲ್ಲಿ ಬಾಗಿ, ಒಂದೊಂದೇ ಎಳೆ ಕಡಿಯುತ್ತದೆ. ನಿಪ್ಪಲ್ ಪಕ್ಕದಲ್ಲೇ ಕೇಬಲ್‌ಗಳು ತುಂಡಾಗುವುದಕ್ಕೆ ದೊಡ್ಡ ಕಾರಣ ಇದೇ. ಅವರೆಕಾಳಿನಷ್ಟು ಗ್ರೀಸ್ ಸಾಕು. ಈಗಾಗಲೇ ಒಂದು ಎಳೆ ಕಡಿದಿದ್ದರೂ ಕೇಬಲ್ ಬದಲಿಸಿ, ಮುಂದಿನ ಸವಾರಿಗೆ ತಳ್ಳಬೇಡಿ.

ಎರಡನೆಯದು ಕೇಬಲ್. ಎಂಜಿನ್ ಬದಿಯಲ್ಲೂ ಕಳಚಿ, ಒಳತಂತಿಯನ್ನು ಎರಡೂ ತುದಿಯಿಂದ ಎಳೆದು ನೋಡಿ. ಬೈಕ್ ಮೇಲೆ ತನ್ನ ಜಾಗದಲ್ಲೇ ಇರುವಾಗ ಒಮ್ಮೆ, ಬಿಚ್ಚಿ ನೇರ ಹಿಡಿದಾಗ ಒಮ್ಮೆ ನೋಡಬೇಕು. ನೇರವಿದ್ದಾಗಲೂ ಒರಟಾದರೆ ಕೇಬಲ್ ಒಣಗಿದೆ ಅಥವಾ ಒಳಗೆ ತುಕ್ಕು. ನೇರವಿದ್ದಾಗ ಸರಾಗ, ಬೈಕ್ ಮೇಲೆ ಬಿಗಿ ಎಂದರೆ ಕೇಬಲ್ ಚೆನ್ನಾಗಿಯೇ ಇದೆ, ಅದು ಹೋಗುವ ದಾರಿ ಸರಿಯಿಲ್ಲ. ನಂಬರ್ ಪ್ಲೇಟ್ ಹಿಂದೆ ಕಡಿದಾಗಿ ಬಾಗಿರಬಹುದು, ಪ್ಲಾಸ್ಟಿಕ್ ಟೈ ಬಿಗಿಯಾಗಿ ಕಟ್ಟಿರಬಹುದು, ಟ್ಯಾಂಕ್ ಕೆಳಗೆ ಸಿಕ್ಕಿರಬಹುದು.

ಎಣ್ಣೆ ಹಾಕುವಾಗ ಕೇಬಲನ್ನು ತೂಗುಹಾಕಿ, ಮೇಲಿನಿಂದ ತೆಳು ಕೇಬಲ್ ಎಣ್ಣೆ ಬಿಟ್ಟು ತಂತಿ ಆಡಿಸುತ್ತಿರಿ. ಕೆಳಗಿನಿಂದ ಮೊದಲು ಕಪ್ಪು ಕೊಳೆ ಬರುತ್ತದೆ. ಎಣ್ಣೆ ತಿಳಿಯಾಗುವವರೆಗೆ ಬಿಡಿ. ತುಕ್ಕಿನ ಕೆಂಪು ನಿಲ್ಲದಿದ್ದರೆ ಆ ಕೇಬಲ್‌ನ ಆಯುಸ್ಸು ಮುಗಿದಿದೆ. ಗಟ್ಟಿ ಗ್ರೀಸ್ ತುಂಬಬೇಡಿ, ಅದು ಧೂಳು ಹಿಡಿದು ಅರದಂತೆ ಉಜ್ಜುತ್ತದೆ. ಒಳಗೆ ಟೆಫ್ಲಾನ್ ಪದರವಿರುವ ಕೇಬಲ್ ಆದರೆ ಎಣ್ಣೆ ಹಾಕುವ ಮುನ್ನ ತಯಾರಕರ ಸೂಚನೆ ಓದಿ. ಕೆಲವಕ್ಕೆ ಎಣ್ಣೆ ಹಾಕಬಾರದು.

ಮೂರನೆಯದು ಎಂಜಿನ್ ಮೇಲಿನ ತೋಳು, ಕೇಬಲ್ ಕೆಳತುದಿ ಸಿಕ್ಕಿಸುವ ಸಣ್ಣ ಕಬ್ಬಿಣದ ಕೈ. ಕೈಯಿಂದ ತಿರುಗಿಸಿದರೆ ಮೊದಲು ಸ್ವಲ್ಪ ಸಡಿಲ ಇರುತ್ತದೆ, ಆಮೇಲೆ ಕ್ಲಚ್ ಸ್ಪ್ರಿಂಗ್‌ನ ತಡೆ ಸಿಗುತ್ತದೆ. ಆ ಸಡಿಲ ಭಾಗ ನುಣುಪಾಗಿರಬೇಕು. ಮರಳು ಅರೆದಂತೆ ಅನಿಸಿದರೆ ಅದರ ಶಾಫ್ಟ್‌ನ ಬೇರಿಂಗ್‌ಗೆ ನೀರು, ಕೆಸರು ಹೊಕ್ಕಿದೆ. ಹೆಚ್ಚು ಒತ್ತಡದ ನೀರನ್ನು ಶಾಫ್ಟ್‌ನ ಸೀಲ್‌ಗೇ ಗುರಿಯಿಟ್ಟು ತೊಳೆಯುವ ಬೈಕ್‌ಗಳಲ್ಲಿ ಇದು ಮಾಮೂಲಿ. ಸೀಲ್ ಬುಡದಲ್ಲಿ ಎಣ್ಣೆ ಒಸರಿದ್ದರೆ ಸೀಲ್ ಬದಲಿಸಿ, ಬೇರಿಂಗ್ ಪರೀಕ್ಷಿಸಬೇಕು. ಕವರ್ ಬಿಚ್ಚಿ ರೂಢಿಯಿಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಒಳ್ಳೆಯದು.

ಮೂರೂ ಸರಾಗವಿದ್ದೂ ಜೋಡಿಸಿದಾಗ ಭಾರವೇ? ಕ್ಲಚ್ ಕಚ್ಚುವ ಹಂತದಲ್ಲಿ ತೋಳು ಮತ್ತು ಕೇಬಲ್ ನಡುವಿನ ಕೋನ ನೋಡಿ. ಸುಮಾರು ಲಂಬವಾಗಿದ್ದರೆ ಎಳೆತದ ಬಲ ಪೂರ್ತಿ ಉಪಯೋಗಕ್ಕೆ ಬರುತ್ತದೆ. ತುಂಬಾ ಓರೆಯಾದರೆ ಒಂದಷ್ಟು ವ್ಯರ್ಥ. ಅದೂ ಸರಿಯಿದ್ದರೆ ಉಳಿದದ್ದು ಸ್ಪ್ರಿಂಗ್‌ಗಳು. ಹಿಂದಿನ ಮಾಲೀಕರು ಗಟ್ಟಿ ಸ್ಪ್ರಿಂಗ್ ಹಾಕಿಸಿರುವುದು ಉಂಟು. ಉದ್ದ ತೋಳು ಹಾಕಿ ಹಗುರ ಮಾಡಿಕೊಳ್ಳುವ ಕಿಟ್‌ಗಳು ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅದೇ ಎಳೆತಕ್ಕೆ ಪ್ಲೇಟ್‌ಗಳು ಕಡಿಮೆ ಬಿಡಿಸಿಕೊಳ್ಳುತ್ತವೆ, ಲಕ್ಷಣ 5 ಬಂದು ಕೂರುತ್ತದೆ. ತಿಕ್ಕಾಟ ಹುಡುಕದೆ ಈ ಕಿಟ್ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಫ್ರೀ ಪ್ಲೇ ಹೊಂದಿಸುವುದು

ಮುಂದಿನ ಲಕ್ಷಣಗಳಿಗೆಲ್ಲ ಇದು ಬೇಕಾಗುತ್ತದೆ. ಲಿವರ್ ಚಲಿಸಿದರೂ ಕ್ಲಚ್‌ಗೆ ಬಲ ಮುಟ್ಟದ ಆರಂಭದ ಸಡಿಲಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಆಟ’. ಕೆಲವು ಕೈಪಿಡಿಗಳು ಲಿವರ್ ಬುಡ ಮತ್ತು ಪರ್ಚ್ ನಡುವಿನ ಸಂದಿನಲ್ಲಿ ಅಳೆಯುತ್ತವೆ, ಅಲ್ಲಿ ಸಾಮಾನ್ಯವಾಗಿ 2-3 ಮಿ.ಮೀ. ಇನ್ನು ಕೆಲವು ಲಿವರ್ ತುದಿಯ ಗುಂಡಿನಲ್ಲಿ ಅಳೆಯುತ್ತವೆ, ಅಲ್ಲಿ ಹೆಚ್ಚು ಕಡಿಮೆ 10 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ. ಎಲ್ಲಿ ಅಳೆಯಬೇಕೆಂದು ನೋಡದೆ ಅಂಕಿ ಮಾತ್ರ ಹಿಡಿದವರು ತುದಿಯಲ್ಲಿ 3 ಮಿ.ಮೀ. ಇಟ್ಟು ಕ್ಲಚ್ ಸುಟ್ಟುಕೊಳ್ಳುತ್ತಾರೆ. ನಿಮ್ಮ ಬೈಕ್‌ನ ಕೈಪಿಡಿಯ ಮಾತೇ ಕೊನೆ.

ಲಿವರ್ ಬಳಿಯ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಒಂದೆರಡು ಸುತ್ತು ಹೊರಗೆ ಬಿಡಿ. ಕೇಬಲ್ ನಡುವೆ ಅಥವಾ ಎಂಜಿನ್ ಬಳಿ ಇರುವ ದೊಡ್ಡ ಅಡ್ಜಸ್ಟರ್‌ನಿಂದ ಹೆಚ್ಚು ಕಡಿಮೆ ಅಳತೆಗೆ ತಂದು ಲಾಕ್‌ನಟ್ ಬಿಗಿಯಿರಿ. ಕೊನೆಯ ಒಂದೆರಡು ಮಿ.ಮೀ. ಮಾತ್ರ ಮೇಲಿನದರಲ್ಲಿ. ಹೀಗೆ ಮಾಡಿದರೆ ಸವಾರಿಯ ನಡುವೆ ನಿಂತಾಗ ಎರಡೂ ಕಡೆಗೆ ತಿರುಗಿಸಲು ಜಾಗ ಉಳಿದಿರುತ್ತದೆ. ಮುಗಿದ ಮೇಲೆ ಸೀಳುಗಳು ಒಂದೇ ಸಾಲಿನಲ್ಲಿ ನಿಲ್ಲದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಬಲ್ ಜಿಗಿದು ಹೊರಬೀಳಬಹುದು, ಕೆಸರೂ ಹೊಕ್ಕುತ್ತದೆ.

ಲಕ್ಷಣ 5: ಪೂರ್ತಿ ಎಳೆದರೂ ಬೈಕ್ ತೆವಳುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ

ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಫ್ರೀ ಪ್ಲೇ ಅತಿಯಾಗಿದೆಯೇ ನೋಡಿ. ಕೇಬಲ್ ಹಿಗ್ಗಿದರೆ ಆಟ ಹೆಚ್ಚುತ್ತದೆ. ಬೆರಳಿಗೆ ಬಡಿದು ಲಿವರ್ ಅರ್ಧಕ್ಕೆ ನಿಲ್ಲುತ್ತಿದೆಯೇ? ಎಂಜಿನ್ ಬಿಸಿಯಾದ ಮೇಲೂ ತೆವಳುತ್ತದೆಯೇ? ತಣ್ಣಗಿರುವಾಗ ಮಾತ್ರ ಸ್ವಲ್ಪ ತೆವಳಿದರೆ ಅದು ಎಣ್ಣೆಯ ಅಂಟು, ದೋಷವಲ್ಲ.

ಬಿಸಿಯಲ್ಲೂ ತೆವಳಿದರೆ ಎಣ್ಣೆ ಕೈಪಿಡಿ ಹೇಳಿದ ದರ್ಜೆಯದೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಉಳಿಯುವುದು ಒಳಗಿನದು: ಬಾಗಿದ ಸ್ಟೀಲ್ ಪ್ಲೇಟ್, ಒಂದೊಂದು ಉದ್ದದ ಸ್ಪ್ರಿಂಗ್ ಇದ್ದು ಓರೆಯಾಗಿ ಏಳುವ ಪ್ರೆಷರ್ ಪ್ಲೇಟ್ (ಉಳಿದ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವುದು), ಇಲ್ಲವೇ ಪ್ಲೇಟ್‌ಗಳು ಕೂರುವ ಬಾಸ್ಕೆಟ್‌ನ ಹಲ್ಲುಗಳಲ್ಲಿ ಬಿದ್ದ ಕಚ್ಚು. ಪ್ಲೇಟ್‌ನ ಕಿವಿಗಳು ಬಡಿದು ಬಡಿದು ಆದ ಈ ಕಚ್ಚು ಉಗುರಿಗೆ ಸಿಗುವಷ್ಟಾದರೆ ಪ್ಲೇಟ್ ಅದರಲ್ಲಿ ಸಿಕ್ಕಿ ನಿಲ್ಲುತ್ತದೆ. ಆಗ ಲಿವರ್ ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ.

ಲಕ್ಷಣ 6: ಎಂಜಿನ್ ಕೂಗುತ್ತದೆ, ಬೈಕ್ ಓಡುವುದಿಲ್ಲ

ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ, ಮಧ್ಯಮ ವೇಗದಲ್ಲಿ ಥ್ರಾಟಲ್ ತೆರೆಯಿರಿ. ಸದ್ದು ಏರಿ ವೇಗ ಏರದಿದ್ದರೆ ಸ್ಲಿಪ್. ಅಲ್ಲೇ ನಿಲ್ಲಿಸಿ ಫ್ರೀ ಪ್ಲೇ ನೋಡಿ. ಫ್ರಿಕ್ಷನ್ ಪ್ಲೇಟ್ ಸವೆದಂತೆ ಆಟ ಹೆಚ್ಚುತ್ತದೆಂದು ಹಲವರು ತಿಳಿದಿದ್ದಾರೆ, ಆಗುವುದು ಉಲ್ಟಾ. ಪ್ಲೇಟ್‌ಗಳ ಕಟ್ಟು ತೆಳುವಾಗಿ ಪ್ರೆಷರ್ ಪ್ಲೇಟ್ ಒಳಸರಿದು, ಆಟ ಕಡಿಮೆಯಾಗುತ್ತಾ ಸೊನ್ನೆಗೆ ಬರುತ್ತದೆ. ಆಗ ಲಿವರ್ ಬಿಟ್ಟರೂ ಕ್ಲಚ್ ಸ್ವಲ್ಪ ಎಳೆದಂತೆಯೇ ಇರುತ್ತದೆ.

ಬೆರಳ ತುದಿಯಲ್ಲಿ ಓಡಿಸುವವರಿಗೆ ಇನ್ನೊಂದು ಅಪಾಯ, ಲಿವರ್ ಮೇಲೆ ಸದಾ ವಿಶ್ರಮಿಸುವ ಬೆರಳು. ಅದರ ಭಾರವೇ ಆಟ ತಿಂದುಬಿಡುತ್ತದೆ. ಬೆರಳನ್ನು ಇಟ್ಟಿರಿ, ಒತ್ತಬೇಡಿ.

ಆಟ ಸರಿಯಿದ್ದೂ ಸ್ಲಿಪ್ ಆದರೆ ಎಣ್ಣೆ ನೋಡಿ. ಒದ್ದೆ ಕ್ಲಚ್‌ಗೆ (ಎಂದರೆ ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವುದಕ್ಕೆ) ಜಾಸೋ ಎಂಎ ಅಥವಾ ಎಂಎ2 (ಜಪಾನಿನ ಬೈಕ್ ಎಣ್ಣೆ ಮಾನದಂಡ) ಗುರುತಿನ ಎಣ್ಣೆ ಬೇಕು. ಘರ್ಷಣೆ ಕಡಿಮೆ ಮಾಡುವ ರಾಸಾಯನಿಕಗಳಿರುವ ಕಾರ್ ಎಣ್ಣೆ ಪ್ಲೇಟ್‌ಗಳನ್ನು ಜಾರಿಸುತ್ತದೆ. ಎಣ್ಣೆಯೂ ಸರಿಯಿದ್ದರೆ ಓಡಿಸುವುದನ್ನು ನಿಲ್ಲಿಸಿ ಪ್ಲೇಟ್ ಅಳತೆ ಮಾಡಿಸಿ. ನೀಲಿಗಟ್ಟಿದ ಸ್ಟೀಲ್ ಪ್ಲೇಟ್‌ಗಳನ್ನು ಮತ್ತೆ ಹಾಕಬೇಡಿ; ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಎಂಜಿನ್ ಎಣ್ಣೆಯಲ್ಲಿ ನೆನೆಸಿಯೇ ಜೋಡಿಸಬೇಕು.

ಲಕ್ಷಣ 7: ಬಿಸಿಯಾದಂತೆ ಲಿವರ್ ಸಡಿಲವಾಗುತ್ತದೆ

ಕ್ಲಚ್ ಹೆಚ್ಚು ಬಳಸಿದಾಗ ಪ್ಲೇಟ್‌ಗಳ ಕಟ್ಟು ಹಿಗ್ಗಿ ಕೇಬಲ್ ಕ್ಲಚ್‌ನಲ್ಲಿ ಆಟ ತುಸು ಹೆಚ್ಚುವುದು ಸಹಜ. ಒಂದೆರಡು ಕ್ಲಿಕ್ ತಿರುಗಿಸಿ ಸರಿಮಾಡಬಹುದು. ಆದರೆ ತಣಿದ ಮೇಲೆ ಹಿಂದಕ್ಕೆ ತಿರುಗಿಸುವುದನ್ನು ಮರೆತರೆ ಆಟವೇ ಇಲ್ಲದೆ ಮುಂದಿನ ಸವಾರಿ ಶುರುವಾಗುತ್ತದೆ. ಅಡ್ಜಸ್ಟರ್ ತಿರುಗುವ ಒಟ್ಟು ಉದ್ದದ ಅರ್ಧವೇ ಬೇಕಾಗುವಷ್ಟು ಬದಲಾದರೆ, ಸುಟ್ಟ ವಾಸನೆ ಬಂದರೆ, ನಿಲ್ಲಿಸಿ ತಣಿಯಲು ಬಿಡಿ.

ಲಕ್ಷಣ 8: ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಬಿಗಿ

ಪರ್ಚ್ ಒಳಸರಿಸಿದ ಮೇಲೆ ಇದು ಹೊಸದಾಗಿ ಹುಟ್ಟಬಹುದು. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಆಟ ಅಳೆಯಿರಿ. ವ್ಯತ್ಯಾಸ ಕಂಡರೆ ಕೇಬಲ್ ದಾರಿ ಬದಲಿಸಿ. ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ದ್ರವದಿಂದ ಕೆಲಸ ಮಾಡುವುದು) ಆದರೆ, ಅದರ ಮೆದುಗೊಳವೆ ಸೆಟೆದು ನಿಲ್ಲುವಂತಿದ್ದರೆ ಪರ್ಚನ್ನು ಸ್ವಲ್ಪ ವಾಪಸ್ ತನ್ನಿ.

ಲಕ್ಷಣ 9: ಹೈಡ್ರಾಲಿಕ್ ಲಿವರ್ ಮೆತ್ತಗಿದೆ, ಎರಡು ಸಲ ಒತ್ತಿದರೆ ಗಟ್ಟಿಯಾಗುತ್ತದೆ

ಒಳಗೆ ಗಾಳಿ ಸೇರಿದೆ, ಅಥವಾ ಎಲ್ಲೋ ಸೋರುತ್ತಿದೆ. ಲಿವರ್ ಬುಡದ ರಬ್ಬರ್ ಮತ್ತು ಎಂಜಿನ್ ಬದಿಯ ಸ್ಲೇವ್ ಸಿಲಿಂಡರ್ (ದ್ರವದ ಒತ್ತಡದಿಂದ ಕ್ಲಚ್ ತಳ್ಳುವ ಭಾಗ) ಸುತ್ತ ಒದ್ದೆಯಿದೆಯೇ ನೋಡಿ. ಸೋರಿಕೆ ಕಂಡರೆ ಸೀಲ್ ಬದಲಾಗುವವರೆಗೆ ಓಡಿಸಬೇಡಿ.

ದ್ರವದ ಪಾತ್ರೆಯ ಮುಚ್ಚಳದ ಮೇಲೆ ಡಾಟ್ 4 (ಬ್ರೇಕ್ ದ್ರವದ ಒಂದು ದರ್ಜೆ) ಎಂದಿದೆಯೋ, ಮಿನರಲ್ ಆಯಿಲ್ ಎಂದಿದೆಯೋ ಓದದೆ ಒಂದು ಹನಿಯೂ ಹಾಕಬೇಡಿ. ಒಂದರ ಜಾಗಕ್ಕೆ ಇನ್ನೊಂದು ಬಿದ್ದರೆ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಡಾಟ್ ದ್ರವ ಬಣ್ಣ ತಿನ್ನುತ್ತದೆ, ಕಣ್ಣಿಗೂ ಕೆಟ್ಟದ್ದು. ಕನ್ನಡಕ ಹಾಕಿ, ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ. ಸಿರಿಂಜ್‌ನಿಂದ ಕೆಳಗಿನ ಸ್ಲೇವ್ ಕಡೆಯಿಂದ ಮೇಲಕ್ಕೆ ದ್ರವ ತಳ್ಳಿದರೆ ಗಾಳಿ ಬೇಗ ಹೊರಡುತ್ತದೆ. ಪಾತ್ರೆಯನ್ನು ಅಂಚಿನವರೆಗೆ ತುಂಬಬಾರದು. ಬ್ರೇಕ್‌ನಲ್ಲಿ ಪ್ಯಾಡ್ ಸವೆದರೆ ದ್ರವದ ಮಟ್ಟ ಇಳಿಯುತ್ತದೆ, ಇಲ್ಲಿ ಪ್ಲೇಟ್ ಸವೆದಂತೆ ಏರುತ್ತದೆ. ಏರಲು ಜಾಗ ಬೇಕು.

ಲಕ್ಷಣ 10: ಬಿದ್ದಾಗಲೆಲ್ಲ ಲಿವರ್ ಮುರಿಯುತ್ತದೆ

ಪರ್ಚನ್ನು ಕಲ್ಲಿನಂತೆ ಬಿಗಿದಿದ್ದೀರಿ. ಬಾರ್ ಮೇಲೆ ಪರ್ಚ್ ಕೂರುವ ಜಾಗಕ್ಕೆ ಎರಡು ಮೂರು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ಕ್ಲ್ಯಾಂಪ್‌ನಲ್ಲಿ ಬಾಣದ ಗುರುತಿದ್ದರೆ ಅದು ಮೇಲಕ್ಕಿರುವಂತೆ ಕೂರಿಸಿ. ಬೆರಳಿನ ಎಳೆತಕ್ಕೆ ಅಲುಗದೆ, ಅಂಗೈಯಿಂದ ಜೋರಾಗಿ ಗುದ್ದಿದರೆ ಮಾತ್ರ ತಿರುಗುವಷ್ಟು ಬಿಗಿಯಿರಿ. ಬಿದ್ದಾಗ ಪರ್ಚ್ ತಿರುಗುತ್ತದೆ, ಲಿವರ್ ಉಳಿಯುತ್ತದೆ. ಬಾಗಿದ ಅಲ್ಯೂಮಿನಿಯಂ ಲಿವರನ್ನು ಬಗ್ಗಿಸಿ ನೇರ ಮಾಡಿದರೆ ಆ ಜಾಗ ಬಲ ಕಳೆದುಕೊಂಡಿರುತ್ತದೆ. ಮನೆ ಸೇರುವವರೆಗೆ ಸಾಕು, ಮರುದಿನ ಬದಲಿಸಿ.

ಏನೇ ಬದಲಿಸಿದರೂ ಮೊದಲ ಪರೀಕ್ಷೆ ಬಯಲಿನಲ್ಲಿ, ಸಮತಟ್ಟಾದ ನೆಲದಲ್ಲಿ ಆಗಲಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಮುಂದಿನ ಬ್ರೇಕ್ ಹಿಡಿದು, ಒಂದೇ ಬೆರಳಿನಲ್ಲಿ ಕ್ಲಚ್ ಎಳೆದು ಮೊದಲ ಗೇರ್ ಹಾಕಿ. ಬೈಕ್ ಮುಂದಕ್ಕೆ ಜಗ್ಗಿದರೆ ಕಿಲ್ ಸ್ವಿಚ್ ಒತ್ತಿ, ಲಕ್ಷಣ 5ಕ್ಕೆ ಹಿಂತಿರುಗಿ.